ಪ್ಯಾಕೆಟ್ ಗಂಜಿ ಕೆಟ್ಟಿದ್ದರೆ ದುಡ್ಡು ವಾಪಸ್ ಪಡೆಯುವುದು ಹೇಗೆ?

"ಬೆಳಗ್ಗೆ ಕುಡಿಯೋಣ ಅಂತ ರಾಗಿ ಗಂಜಿ ಮಿಕ್ಸ್ ತಂದೆ. ತೆರೆದರೆ ಹುಳ. ಅಂಗಡಿಯವರು ಕಂಪನಿಗೆ ಹೇಳಿ ಅಂತಾರೆ, ಕಂಪನಿಯವರು ಅಂಗಡಿಯಲ್ಲಿ ಕೇಳಿ ಅಂತಾರೆ. ದುಡ್ಡು ಯಾರು ಕೊಡಬೇಕು?" ಓಟ್ಸ್, ರಾಗಿ ಮಾಲ್ಟ್, ಸಿರಿಧಾನ್ಯದ ಗಂಜಿ ಪುಡಿ, ಮಗುವಿನ ರಾಗಿ ಸರಿ ಹೀಗೆ ಪದಾರ್ಥ ಬದಲಾದರೂ ಓದುಗರು ಕೇಳುವ ಪ್ರಶ್ನೆ ಇದೇ. ಪ್ಯಾಕೆಟ್ಟಿನ ಬೆಲೆ ನೂರಿನ್ನೂರು ರೂಪಾಯಿ ಇರುತ್ತದೆ. ಅಷ್ಟಕ್ಕೆ ಯಾರು ಓಡಾಡುತ್ತಾರೆ ಎಂದು ಹೆಚ್ಚಿನವರು ಕಸದ ಬುಟ್ಟಿಗೆ ಹಾಕಿ ಸುಮ್ಮನಾಗುತ್ತಾರೆ. ಓಡಾಡುವ ಅಗತ್ಯ ಬಹುಮಟ್ಟಿಗೆ ಇಲ್ಲ. ಒಂದು ಇಮೇಲ್, ಒಂದು ಫೋನ್ ಸಾಕಾಗುವ ಕೆಲಸ ಇದು. ಆದರೆ ದೋಷ ಕಣ್ಣಿಗೆ ಬಿದ್ದ ಮೊದಲ ಹತ್ತು ನಿಮಿಷದಲ್ಲಿ ಮಾಡಬೇಕಾದ್ದನ್ನು ಮಾಡಿರಬೇಕು.

ಬೇಕಾಗುವವು ಇಷ್ಟು: ಬಿಲ್ಲು, ಮೂಲ ಪ್ಯಾಕೆಟ್ (ಖಾಲಿಯಾಗಿದ್ದರೂ ಸರಿ), ಉಳಿದ ಪುಡಿ, ಫೋನಿನ ಕ್ಯಾಮೆರಾ, ಗಾಳಿಯಾಡದ ಒಂದು ಜಿಪ್ ಕವರ್.

1. ಪ್ಯಾಕೆಟ್ ಎಸೆಯಬೇಡಿ

ನಮ್ಮ ಅಡುಗೆಮನೆಯ ರೂಢಿಯೇ ಇಲ್ಲಿ ಅಡ್ಡಬರುತ್ತದೆ. ಪ್ಯಾಕೆಟ್ ತಂದ ಕೂಡಲೇ ಮೇಲ್ತುದಿ ಕತ್ತರಿಸಿ, ಪುಡಿಯನ್ನು ಸ್ಟೀಲ್ ಡಬ್ಬಕ್ಕೆ ಸುರಿದು, ಕವರ್ ಎಸೆದುಬಿಡುತ್ತೇವೆ. ವಾರ ಕಳೆದು ಹುಳ ಕಂಡಾಗ ಕೈಯಲ್ಲಿ ಉಳಿದಿರುವುದು ಹೆಸರಿಲ್ಲದ ಪುಡಿ. ಅದು ಯಾವ ಕಂಪನಿಯದು, ಯಾವ ದಿನ ತಯಾರಾದದ್ದು ಎನ್ನುವುದಕ್ಕೆ ಸಾಕ್ಷಿ ಇರುವುದಿಲ್ಲ. ಹಳೆಯ ಹಿಟ್ಟಿನ ಹುಳ ಡಬ್ಬದ ಅಂಚಿನಲ್ಲೇ ಇತ್ತು ಎಂದು ಕಂಪನಿ ಹೇಳಿದರೆ ನೀವು ಉತ್ತರಿಸಲಾರಿರಿ.

ಆದ್ದರಿಂದ ಪುಡಿ ಮುಗಿಯುವವರೆಗೆ ಕವರನ್ನು ಮಡಚಿ ಡಬ್ಬದ ಒಳಗೋ ಕೆಳಗೋ ಇಟ್ಟಿರಿ. ಕತ್ತರಿಸಿ ತೆಗೆದ ಪಟ್ಟಿಯನ್ನೂ ಎಸೆಯಬೇಡಿ. ತಯಾರಿಕೆಯ ದಿನಾಂಕ ಮತ್ತು ಬ್ಯಾಚ್ ನಂಬರ್ ಅನೇಕ ಪ್ಯಾಕೆಟ್‌ಗಳಲ್ಲಿ ಅಲ್ಲೇ, ಸೀಲಿನ ಪಕ್ಕದಲ್ಲೇ ಅಚ್ಚಾಗಿರುತ್ತವೆ. ಬ್ಯಾಚ್ ನಂಬರ್ ಎಂದರೆ ಒಂದೇ ಸಲಕ್ಕೆ ತಯಾರಾದ ಸರಕಿಗೆ ಕಾರ್ಖಾನೆ ಕೊಡುವ ಗುರುತು. ಕೆಲವರು ಲಾಟ್ ನಂಬರ್ ಎಂದು ಬರೆಯುತ್ತಾರೆ. ಕಂಪನಿ ಮೊದಲು ಕೇಳುವುದೇ ಅದನ್ನು. ಆ ಶಾಯಿ ಒದ್ದೆ ಕೈ ತಾಗಿದರೆ ಅಳಿಸಿಹೋಗುವುದರಿಂದ ಕೂಡಲೇ ಫೋಟೊ ತೆಗೆದುಕೊಳ್ಳಿ.

2. ಇದು ದೋಷವೋ, ನಿಮಗೆ ರುಚಿಸದ್ದೋ ಎಂದು ಮೊದಲು ತೀರ್ಮಾನಿಸಿ

ದೂರು ಬಿದ್ದುಹೋಗುವುದು ಹೆಚ್ಚಾಗಿ ಇಲ್ಲಿ. ರುಚಿ ಹಿಡಿಸಲಿಲ್ಲ ಎನ್ನುವುದಕ್ಕೆ ಹಣ ಮರಳಿಸುವ ಹೊಣೆ ಕಾನೂನಿನಲ್ಲಿ ಇಲ್ಲ. ಕೆಲವು ಕಂಪನಿಗಳು ಗಿರಾಕಿಯನ್ನು ಉಳಿಸಿಕೊಳ್ಳಲು ಕೊಡುತ್ತವೆ, ಅದು ಅವರ ಇಷ್ಟ. ಹಕ್ಕಿನಿಂದ ಕೇಳಬೇಕಾದರೆ ದೋಷ ಇರಬೇಕು, ಇಲ್ಲವೇ ಲೇಬಲ್ಲಿನಲ್ಲಿ ಹೇಳಿದ್ದಕ್ಕೂ ಒಳಗಿರುವುದಕ್ಕೂ ಹೊಂದಿಕೆ ಇರಬಾರದು.

ದೋಷದಂತೆ ಕಂಡರೂ ದೋಷವಲ್ಲದ ಕೆಲವನ್ನು ನೋಡಿ.

ಗಂಜಿ ಗಟ್ಟಿಯಾಗದೆ ನೀರುನೀರಾಗಿದೆ: ಮೊಳಕೆ ಕಟ್ಟಿದ ರಾಗಿಯ ಮಾಲ್ಟ್ ಆದರೆ ಅದು ಸಹಜ. ಮೊಳಕೆಯೊಡೆಯುವಾಗ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆಯುತ್ತದೆ. ಹಾಗಾಗಿ ಅಷ್ಟೇ ಪುಡಿ ಹಾಕಿದರೂ ಸಾದಾ ರಾಗಿ ಹಿಟ್ಟಿನ ಗಂಜಿಯಷ್ಟು ದಪ್ಪ ಬರುವುದಿಲ್ಲ. ಮಕ್ಕಳಿಗೆ ಮಾಲ್ಟ್ ಒಳ್ಳೆಯದು ಎನ್ನುವುದಕ್ಕೂ ಇದೇ ಕಾರಣ: ಗಂಜಿ ತೆಳುವಾಗಿಯೇ ಉಳಿಯುವುದರಿಂದ ಹೆಚ್ಚು ಪುಡಿ ಸೇರಿಸಬಹುದು.

ಗಂಟು ಕಟ್ಟುತ್ತದೆ: ಪುಡಿಯನ್ನು ನೇರವಾಗಿ ಕುದಿಯುವ ನೀರಿಗೆ ಹಾಕಿರುತ್ತೀರಿ. ಹೊರಪದರ ಬೆಂದು ಅಂಟಾಗಿ ಒಳಗಿನ ಪುಡಿ ಒಣಗಿದ್ದಂತೆಯೇ ಉಳಿಯುತ್ತದೆ. ಮೊದಲು ತಣ್ಣೀರಿನಲ್ಲಿ ಕದಡಿಕೊಂಡು ಆಮೇಲೆ ಕುದಿಯುವ ನೀರಿಗೆ ಸುರಿಯಿರಿ.

ಹಾಲು ಒಡೆಯಿತು: ಪದಾರ್ಥಗಳ ಪಟ್ಟಿಯಲ್ಲಿ ಬೆಲ್ಲ ಇದೆಯೇ ನೋಡಿ. ಬೆಲ್ಲದ ಹುಳಿಯಂಶಕ್ಕೆ ಕುದಿಯುವ ಹಾಲು ಒಡೆಯಬಹುದು. ನೀರಿನಲ್ಲಿ ಬೇಯಿಸಿ, ಇಳಿಸಿ, ಸ್ವಲ್ಪ ಆರಿದ ಮೇಲೆ ಹಾಲು ಸೇರಿಸಿ.

ಪ್ಯಾಕೆಟ್ ಅರ್ಧ ಖಾಲಿ ಕಾಣುತ್ತದೆ: ಸಾಗಾಟದಲ್ಲಿ ಪುಡಿ ಕುಸಿದು ಕೂರುತ್ತದೆ. ಕಣ್ಣಳತೆ ಸಾಲದು, ತೂಗಿ ನೋಡಬೇಕು.

ನಿಜವಾದ ದೋಷಗಳು ಬೇರೆ.

ಹುಳ: ಹಿಟ್ಟಿನಲ್ಲಿ ಸಾಮಾನ್ಯವಾಗಿ ಕಾಣುವುದು 3-4 ಮಿಲಿಮೀಟರ್ ಉದ್ದದ ಕೆಂಗಂದು ಹುಳ. ಪುಡಿ ಎಳೆ ಎಳೆಯಾಗಿ, ಜೇಡರ ಬಲೆಯಂಥ ನೂಲಿನಲ್ಲಿ ಅಂಟಿಕೊಂಡಿದ್ದರೆ ಅದು ಪತಂಗದ ಮರಿಹುಳುವಿನ ಕೆಲಸ. ಪ್ಯಾಕೆಟ್ಟನ್ನು ಬೆಳಕಿಗೆ ಹಿಡಿದು ಸೂಜಿಮೊನೆಯಷ್ಟು ತೂತುಗಳಿವೆಯೇ ಎಂದು ನೋಡಿ, ಇದ್ದರೆ ಹತ್ತಿರದಿಂದ ಫೋಟೊ ತೆಗೆಯಿರಿ. ತೂತು ಇದ್ದರೆ, ನಮ್ಮಲ್ಲಿ ಪ್ಯಾಕೆಟ್ ಸರಿಯಾಗಿತ್ತು, ಅಂಗಡಿಯ ಗೋದಾಮಿನಲ್ಲಿ ಹುಳ ಹತ್ತಿದೆ ಎಂದು ತಯಾರಕರು ಹೇಳುತ್ತಾರೆ. ತೂತಿಲ್ಲದ, ಸೀಲ್ ಒಡೆಯದ ಪ್ಯಾಕೆಟ್ಟಿನೊಳಗೆ ಹುಳ ಇದ್ದರೆ ಹೊಣೆ ತಯಾರಕರ ಕಡೆ ವಾಲುತ್ತದೆ. ಎರಡೂ ಸಂದರ್ಭದಲ್ಲಿ ತಪ್ಪು ನಿಮ್ಮದಲ್ಲ.

ಕಮಟು ವಾಸನೆ, ಕಹಿ: ಕೊಬ್ಬಿನಂಶ ಗಾಳಿಗೆ, ಬಿಸಿಗೆ ಕೆಟ್ಟಾಗ ಹೀಗಾಗುತ್ತದೆ. ರಾಗಿಯಲ್ಲಿ ಕೊಬ್ಬು ಕಡಿಮೆ, ಹಾಗಾಗಿ ಅದರ ಹಿಟ್ಟು ತಡೆಯುತ್ತದೆ. ಸಜ್ಜೆ ಹಿಟ್ಟು ಬೇಗ ಕಹಿಯಾಗುತ್ತದೆ, ಓಟ್ಸ್ ಮತ್ತು ಬಾದಾಮಿ, ಗೋಡಂಬಿ ಪುಡಿ ಸೇರಿದ ಮಿಕ್ಸ್‌ಗಳೂ ಕಮಟುತ್ತವೆ. ಅವಧಿ ಇನ್ನೂ ಮುಗಿದಿಲ್ಲ, ತೆರೆದ ದಿನವೇ ಕಮಟು ಎಂದಾದರೆ ಅದು ದೋಷ. ತೆರೆದು ಎರಡು ತಿಂಗಳು ಒಲೆಯ ಪಕ್ಕ ಇಟ್ಟ ಮೇಲೆ ಕಮಟಿದ್ದಾದರೆ ದೂರು ನಿಲ್ಲುವುದಿಲ್ಲ.

ಬೂಸ್ಟು: ಬೆಲ್ಲದ ಮಿಕ್ಸ್ ತೇವ ಹೀರಿ ಹೆಂಟೆಯಾಗುವುದುಂಟು. ಬೆರಳಲ್ಲಿ ಒತ್ತಿದರೆ ಪುಡಿಯಾಗುವ, ವಾಸನೆಯಿಲ್ಲದ ಹೆಂಟೆ ಬೂಸ್ಟಲ್ಲ. ಹಸಿರು, ಬೂದು, ಕಪ್ಪು ಬಣ್ಣದ ಚುಕ್ಕೆ ಮತ್ತು ಮುಗ್ಗುಲು ವಾಸನೆ ಇದ್ದರೆ ರುಚಿ ನೋಡಲು ನಾಲಿಗೆಗೂ ತಾಗಿಸಬೇಡಿ. ಕೆಲವು ಬೂಸ್ಟು ಬಿಡುವ ಅಫ್ಲಾಟಾಕ್ಸಿನ್ ಎಂಬ ವಿಷ ಕುದಿಸಿದರೂ ಹೋಗುವುದಿಲ್ಲ.

ಕಲ್ಲು, ಮರಳು: ಎರಡು ಚಮಚ ಪುಡಿಯನ್ನು ಗಾಜಿನ ಲೋಟದ ನೀರಿನಲ್ಲಿ ಕದಡಿ, ಒಂದು ನಿಮಿಷ ಬಿಟ್ಟು ಮೆಲ್ಲಗೆ ಬಗ್ಗಿಸಿ. ಮರಳು ತಳದಲ್ಲಿ ಉಳಿಯುತ್ತದೆ. ವಿಡಿಯೊ ಮಾಡಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ತೂಕ ಕಡಿಮೆ: ತೆರೆಯದ ಪ್ಯಾಕೆಟ್ ತೂಗಿ, ಆಮೇಲೆ ಖಾಲಿ ಕವರ್ ತೂಗಿ ಕಳೆಯಿರಿ. ಪ್ಯಾಕೆಟ್ ಸರಕುಗಳ ನಿಯಮ ಸಣ್ಣ ವ್ಯತ್ಯಾಸಕ್ಕೆ ಅವಕಾಶ ಕೊಟ್ಟಿದೆ: 200 ಗ್ರಾಂಗೆ 9 ಗ್ರಾಂ, 500 ಗ್ರಾಂಗೆ 15 ಗ್ರಾಂ, 1 ಕಿಲೋಗೂ 15 ಗ್ರಾಂ. ಅಂದರೆ 500 ಗ್ರಾಂ ಪ್ಯಾಕೆಟ್ಟಿನಲ್ಲಿ 490 ಇದ್ದರೆ ದೂರಿಗೆ ಬಲವಿಲ್ಲ, 470 ಇದ್ದರೆ ಬಲವಿದೆ. ಮನೆಯ ತಕ್ಕಡಿಯನ್ನೇ ನಂಬದೆ, ಇಲಾಖೆಯ ಮುದ್ರೆ ಇರುವ ಅಂಗಡಿ ತಕ್ಕಡಿಯಲ್ಲಿ ಇನ್ನೊಮ್ಮೆ ತೂಗಿಸಿ.

ಲೇಬಲ್ ಮೋಸ: ಮುಂದೆ ದೊಡ್ಡ ಅಕ್ಷರದಲ್ಲಿ "ಸಿರಿಧಾನ್ಯದ ಗಂಜಿ" ಎಂದಿದ್ದು ಹಿಂದೆ ಸಕ್ಕರೆಯೋ ಗೋಧಿಯೋ ಮೊದಲು ಬಂದಿದೆಯೇ ನೋಡಿ. ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂಬ ನಿಯಮವಿದೆ, ಆದ್ದರಿಂದ ಮೊದಲು ಬಂದದ್ದೇ ಹೆಚ್ಚು ಇರುವುದು. "ಸಕ್ಕರೆ ಸೇರಿಸಿಲ್ಲ" ಎಂದು ಮುಂದೆ ಬರೆದು ಹಿಂದೆ ಸಕ್ಕರೆ ನಮೂದಿಸಿದ್ದರೆ ಆ ಎರಡು ಫೋಟೊಗಳೇ ನಿಮ್ಮ ಇಡೀ ದೂರು. ಹಿಂದೆಯೂ ಸರಿಯಾಗಿ ಬರೆದಿದ್ದು ನೀವು ಓದಿರಲಿಲ್ಲ ಎಂದಾದರೆ ಗೆಲ್ಲುವುದು ಕಷ್ಟ.

3. ಸಾಕ್ಷಿ ಕೂಡಿಸಿ

ಮೊದಲು ಪುಡಿಯನ್ನು ಬಳಸುವುದು ನಿಲ್ಲಿಸಿ. ಜರಡಿ ಹಿಡಿದು ಹುಳ ತೆಗೆದು ಗಂಜಿ ಮಾಡಿಕೊಂಡು ಆಮೇಲೆ ದೂರು ಕೊಡಲು ಹೊರಡಬೇಡಿ.

ತೆಗೆಯಬೇಕಾದ ಫೋಟೊಗಳು ಐದು: ಪ್ಯಾಕೆಟ್ಟಿನ ಮುಂಭಾಗ; ಪದಾರ್ಥ ಮತ್ತು ಪೋಷಕಾಂಶದ ಪಟ್ಟಿ ಇರುವ ಹಿಂಭಾಗ; ದಿನಾಂಕ, ಬ್ಯಾಚ್, ಎಂಆರ್‌ಪಿ ಇರುವ ಜಾಗ; ಪಕ್ಕದಲ್ಲಿ ಅಳತೆಗೆ ಒಂದು ನಾಣ್ಯ ಇಟ್ಟು, ಹತ್ತಿರದಿಂದ ದೋಷ; ಬಿಲ್ಲು. ದೋಷ ಮತ್ತು ಬ್ಯಾಚ್ ನಂಬರ್ ಎರಡೂ ಒಂದೇ ಚೌಕಟ್ಟಿನಲ್ಲಿ ಬರುವಂತೆ ಇನ್ನೊಂದು ಫೋಟೊ ಇದ್ದರೆ, ಬೇರೆ ಪ್ಯಾಕೆಟ್ಟಿನ ಹುಳ ತೋರಿಸುತ್ತಿದ್ದೀರಿ ಎನ್ನುವ ಮಾತಿಗೆ ಎಡೆಯೇ ಇರುವುದಿಲ್ಲ.

ಉಳಿದ ಪುಡಿಯನ್ನು ಕವರ್ ಸಮೇತ ಜಿಪ್ ಕವರಿಗೆ ಹಾಕಿ ದಿನಾಂಕ ಬರೆದಿಡಿ. ಹುಳ ಇದ್ದರೆ ಫ್ರೀಜರಿನಲ್ಲಿಡಿ. ಹೊರಗಿಟ್ಟರೆ ಒಂದು ಹುಳ ತಿಂಗಳೊಪ್ಪತ್ತಿನಲ್ಲಿ ನೂರಾಗಿ ಅಡುಗೆಮನೆಯ ಉಳಿದ ಹಿಟ್ಟಿಗೂ ಹತ್ತುತ್ತದೆ.

ಬಿಲ್ ಸಿಗುತ್ತಿಲ್ಲವೇ? ಯುಪಿಐ ಪಾವತಿಯ ವಿವರ ಬಿಲ್ಲಿಗೆ ಪೂರ್ತಿ ಸಮವಲ್ಲ, ಆದರೂ ಯಾವ ದಿನ, ಯಾವ ಅಂಗಡಿಗೆ, ಎಷ್ಟು ಎಂಬುದನ್ನು ತೋರಿಸುತ್ತದೆ. ಸೂಪರ್ ಮಾರ್ಕೆಟ್ಟಿನಲ್ಲಿ ಮೊಬೈಲ್ ನಂಬರ್ ಕೊಟ್ಟಿದ್ದರೆ ಬಿಲ್ಲಿನ ಪ್ರತಿ ಅವರ ಕಂಪ್ಯೂಟರಿನಲ್ಲೇ ಸಿಗಬಹುದು. ಉಷ್ಣ ಕಾಗದದ (ಬಿಲ್ಲಿಂಗ್ ಯಂತ್ರದಿಂದ ಬರುವ ನುಣುಪು ಕಾಗದದ) ಬಿಲ್ ಕೆಲವೇ ತಿಂಗಳಲ್ಲಿ ಬಿಳಿಚಿಕೊಳ್ಳುತ್ತದೆ, ಫೋಟೊ ತೆಗೆದಿಡುವುದು ಕ್ಷೇಮ.

4. ಅಂಗಡಿಯಲ್ಲಿ ಕೇಳಿ

ಎಷ್ಟೋ ಪ್ರಕರಣಗಳು ಇಲ್ಲಿಯೇ ಮುಗಿಯುತ್ತವೆ. ಬಿಲ್ಲು, ಪ್ಯಾಕೆಟ್ ಹಿಡಿದು, ಸಂಜೆಯ ಗಿರಾಕಿಗಳ ಗಲಾಟೆ ಇಲ್ಲದ ಹೊತ್ತಿಗೆ ಹೋಗಿ. "ಒಮ್ಮೆ ಮಾರಿದ ಸರಕು ವಾಪಸ್ ಪಡೆಯುವುದಿಲ್ಲ" ಎಂದು ಬಿಲ್ಲಿನಲ್ಲಿ ಅಚ್ಚು ಹಾಕಿಸಿದ್ದರೂ ದೋಷಯುಕ್ತ ಸರಕಿಗೆ ಆ ಸಾಲು ರಕ್ಷಣೆ ಕೊಡುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ದೋಷಯುಕ್ತ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನದೊಳಗೆ, ವಾಪಸ್ ಪಡೆದು ಹಣ ಮರಳಿಸಲು ನಿರಾಕರಿಸುವುದು "ಅನುಚಿತ ವ್ಯಾಪಾರ ಪದ್ಧತಿ". ಬಿಲ್ ಕೊಡದಿರುವುದೂ ಅದೇ ಪಟ್ಟಿಯಲ್ಲಿದೆ. ಇದನ್ನು ಗದರಿಸಿ ಹೇಳಬೇಕಾಗಿಲ್ಲ. ಬಡಾವಣೆಯ ಅಂಗಡಿಯವರಿಗೆ ಆ ಪ್ಯಾಕೆಟ್ ವಿತರಕರಿಗೆ ಹಿಂದಿರುಗಿಸುವ ದಾರಿ ಇರುತ್ತದೆ ಎಂದು ನೆನಪಿಸಿದರೆ ಸಾಕಾಗುತ್ತದೆ.

ಬದಲಿ ಪ್ಯಾಕೆಟ್ ಕೊಡುತ್ತೇನೆ ಎಂದರೆ ಬ್ಯಾಚ್ ನಂಬರ್ ನೋಡಿ. ಅದೇ ಬ್ಯಾಚ್ ಆದರೆ ಬೇಡ, ಹಣವೇ ಕೊಡಿ ಎನ್ನಿ.

ಅಂಗಡಿಯವರು ಹಣ ಕೊಡದೆ "ಬಿಟ್ಟು ಹೋಗಿ, ಕಂಪನಿಗೆ ಕಳಿಸ್ತೀವಿ" ಎಂದರೆ ಪೂರ್ತಿ ಪ್ಯಾಕೆಟ್ ಒಪ್ಪಿಸಬೇಡಿ. ಅರ್ಧ ಪುಡಿ ಮತ್ತು ಮೂಲ ಕವರ್ ನಿಮ್ಮಲ್ಲೇ ಇರಲಿ. ಕೊಟ್ಟದ್ದಕ್ಕೆ ಬಿಲ್ಲಿನ ಹಿಂದೆಯಾದರೂ ಸಹಿ ಹಾಕಿಸಿಕೊಳ್ಳಿ.

5. ಕಂಪನಿಗೆ ಬರೆಯಿರಿ

ಪ್ರತಿ ಪ್ಯಾಕೆಟ್ಟಿನ ಮೇಲೂ ಗ್ರಾಹಕ ಸೇವೆಯ ವಿಳಾಸ, ಫೋನ್, ಇಮೇಲ್ ಇರಬೇಕು. ಆ ನಂಬರನ್ನೇ ಬಳಸಿ. ಕಂಪನಿಯ ಹೆಸರು ಹಾಕಿ ಅಂತರ್ಜಾಲದಲ್ಲಿ "ಕಸ್ಟಮರ್ ಕೇರ್ ನಂಬರ್" ಹುಡುಕಿದರೆ ವಂಚಕರು ಹಾಕಿದ ನಂಬರ್ ಸಿಗುವ ಅಪಾಯ ದೊಡ್ಡದು. ಹಣ ಮರಳಿಸಲು ಯಾರಿಗೂ ನಿಮ್ಮ ಒಟಿಪಿ, ಯುಪಿಐ ಪಿನ್ ಬೇಕಾಗುವುದಿಲ್ಲ. ಕ್ಯೂಆರ್ ಸ್ಕ್ಯಾನ್ ಮಾಡಿ, ಯಾವುದೋ ಆ್ಯಪ್ ಹಾಕಿಕೊಳ್ಳಿ ಎಂದರೆ ಫೋನ್ ಇಟ್ಟುಬಿಡಿ. 150 ರೂಪಾಯಿ ಕೇಳಲು ಹೋಗಿ ಖಾತೆ ಖಾಲಿ ಮಾಡಿಕೊಳ್ಳುವುದು ಹೀಗೆ.

ಫೋನಿನಲ್ಲಿ ಮಾತಾಡಿದರೂ ಇಮೇಲ್ ಕಳಿಸಲೇಬೇಕು, ಮುಂದಿನ ಎಲ್ಲ ಹಂತಕ್ಕೂ ಅದೇ ಆಧಾರ. ಕನ್ನಡದಲ್ಲೇ ಬರೆಯಬಹುದು. ನಮೂನೆ ಹೀಗಿರಲಿ:

"ವಿಷಯ: ದೋಷಯುಕ್ತ ಗಂಜಿ ಮಿಕ್ಸ್ — ಹಣ ಮರಳಿಸಲು ಕೋರಿಕೆ. ಮಾನ್ಯರೇ, ನಿಮ್ಮ (ಪದಾರ್ಥದ ಹೆಸರು, ತೂಕ) ಪ್ಯಾಕೆಟ್ಟನ್ನು (ದಿನಾಂಕ)ದಂದು (ಅಂಗಡಿ, ಊರು)ಯಲ್ಲಿ (ಮೊತ್ತ) ರೂಪಾಯಿಗೆ ಖರೀದಿಸಿದೆ. ಬ್ಯಾಚ್ ನಂಬರ್ (…), ತಯಾರಿಕೆ (…), ಅವಧಿ ಮುಗಿಯುವುದು (…). (ದಿನಾಂಕ)ದಂದು ಮೊದಲ ಬಾರಿಗೆ ತೆರೆದಾಗ ಒಳಗೆ ಜೀವಂತ ಹುಳಗಳಿದ್ದವು. ಫೋಟೊ ಮತ್ತು ಬಿಲ್ ಲಗತ್ತಿಸಿದ್ದೇನೆ. ಪ್ಯಾಕೆಟ್ ಮತ್ತು ಉಳಿದ ಪುಡಿ ನನ್ನಲ್ಲಿವೆ, ನಿಮ್ಮ ಪ್ರತಿನಿಧಿ ಬಂದು ನೋಡಬಹುದು. ಈ ಪತ್ರ ತಲುಪಿದ 15 ದಿನದೊಳಗೆ ಪೂರ್ತಿ ಹಣ ಮರಳಿಸಬೇಕಾಗಿ ಕೋರುತ್ತೇನೆ. ದೂರಿನ ಸಂಖ್ಯೆ ತಿಳಿಸಿ."

ಇಷ್ಟೇ ಸಾಕು. "ನಮ್ಮ ಮಕ್ಕಳನ್ನು ಕೊಲ್ಲಲು ಹೊರಟಿದ್ದೀರಾ", "ಟಿವಿಗೆ ಕೊಡುತ್ತೇನೆ", "5 ಲಕ್ಷ ಕೊಡದಿದ್ದರೆ ನೋಡಿಕೊಳ್ಳುತ್ತೇನೆ" ಎಂಬ ಸಾಲುಗಳು ಬೇಡ. ಕೊನೆಯದಂತೂ ಬೆದರಿಸಿ ಹಣ ಕೇಳಿದರು ಎಂದು ನಿಮ್ಮ ಮೇಲೆಯೇ ತಿರುಗಬಹುದು.

ಕಂಪನಿ ಹಣದ ಬದಲು ಅದೇ ಮಾಲಿನ ಉಡುಗೊರೆ ಪೊಟ್ಟಣ ಕಳಿಸುತ್ತೇವೆ ಎನ್ನುವುದು ಸಾಮಾನ್ಯ. ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು. ಜತೆಗೆ ಕಳಿಸುವ ಕಾಗದದಲ್ಲಿ "ಪೂರ್ಣ ಮತ್ತು ಅಂತಿಮ ಇತ್ಯರ್ಥ" ಎಂದಿದ್ದರೆ, ಸಹಿ ಹಾಕಿದ ಮೇಲೆ ಮುಂದೆ ಹೋಗುವ ದಾರಿ ಬಹುತೇಕ ಮುಚ್ಚುತ್ತದೆ. ಯಾರಿಗಾದರೂ ಅದನ್ನು ತಿಂದು ಹೊಟ್ಟೆ ಕೆಟ್ಟಿದ್ದರೆ ಅಂಥ ಕಾಗದಕ್ಕೆ ಆತುರದಲ್ಲಿ ಸಹಿ ಬೇಡ.

ಸ್ತ್ರೀಶಕ್ತಿ ಸಂಘ, ಮನೆ ಉದ್ಯಮದವರ ಪ್ಯಾಕೆಟ್ ಆದರೆ ಇಮೇಲಿಗಿಂತ ಫೋನ್ ಮೇಲು. ತಯಾರಿಸಿದವರೇ ಎತ್ತುತ್ತಾರೆ, ಸಾಮಾನ್ಯವಾಗಿ ಅಂದೇ ಸರಿಮಾಡುತ್ತಾರೆ.

ಆನ್‌ಲೈನಿನಲ್ಲಿ ತರಿಸಿದ್ದರೆ

ಆ್ಯಪಿನಲ್ಲಿ ದೂರು ಕೊಡುವ ಗಡುವು ಆಹಾರ ಪದಾರ್ಥಗಳಿಗೆ ಬಹಳ ಕಿರಿದು. ಆದ್ದರಿಂದ ಪ್ಯಾಕೆಟ್ ಮನೆಗೆ ಬಂದ ದಿನವೇ ತೆರೆದು ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಗಡುವು ಮೀರಿದರೆ ಆ್ಯಪಿನ ಗುಂಡಿ ಕೆಲಸ ಮಾಡುವುದಿಲ್ಲ, ಹಕ್ಕು ಮಾತ್ರ ಹಾಗೆಯೇ ಇರುತ್ತದೆ. ಆ್ಯಪಿನ ಕೊನೆಯಲ್ಲೆಲ್ಲೋ "ಕುಂದುಕೊರತೆ ಅಧಿಕಾರಿ"ಯ ಇಮೇಲ್ ಇರುತ್ತದೆ, ಅಲ್ಲಿಗೆ ಬರೆಯಿರಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಅವರು 48 ಗಂಟೆಯೊಳಗೆ ದೂರು ತಲುಪಿದೆ ಎಂದು ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಇನ್‌ವಾಯ್ಸ್ ಇಳಿಸಿಕೊಂಡು ಮಾರಾಟಗಾರರ ಹೆಸರು ನೋಡಿ. ಅದು ಆ್ಯಪಿನ ಕಂಪನಿಯೇ ಆಗಿರಬೇಕೆಂದಿಲ್ಲ, ದೂರಿನಲ್ಲಿ ಇಬ್ಬರ ಹೆಸರೂ ಇರಲಿ. ಅವಧಿ ಮುಗಿಯಲು ನಾಲ್ಕೇ ದಿನ ಇರುವ ಪ್ಯಾಕೆಟ್ ಬಂದಿದ್ದರೆ ಅದನ್ನೂ ಪ್ರಶ್ನಿಸಿ: ಮನೆಗೆ ತಲುಪುವಾಗ ಒಟ್ಟು ಬಾಳಿಕೆಯ ಶೇ 30ರಷ್ಟು ಅಥವಾ 45 ದಿನ ಉಳಿದಿರುವಂತೆ ನೋಡಿಕೊಳ್ಳಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2024ರಲ್ಲಿ ಆನ್‌ಲೈನ್ ವ್ಯಾಪಾರಿಗಳಿಗೆ ಸೂಚಿಸಿದೆ.

6. ಉತ್ತರ ಬಾರದಿದ್ದರೆ 1915

ಇದು ಕೇಂದ್ರ ಸರ್ಕಾರದ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಬೆಳಗ್ಗೆ 8ರಿಂದ ರಾತ್ರಿ 8ರವರೆಗೆ ಕರೆ ಮಾಡಬಹುದು, ಕನ್ನಡದಲ್ಲಿ ಮಾತಾಡಬಹುದು. 8800001915 ಸಂಖ್ಯೆಗೆ ವಾಟ್ಸ್ಆ್ಯಪ್ ಕೂಡ ಮಾಡಬಹುದು. ಬಿಲ್ಲು, ಫೋಟೊ, ಕಂಪನಿಗೆ ಕಳಿಸಿದ ಇಮೇಲ್ ಕೈಯಲ್ಲಿಟ್ಟುಕೊಂಡು ಕರೆ ಮಾಡಿ. ಕೊನೆಗೆ ಕೊಡುವ ಡಾಕೆಟ್ ನಂಬರ್, ಅಂದರೆ ನಿಮ್ಮ ದೂರಿನ ಗುರುತಿನ ಸಂಖ್ಯೆ, ಬರೆದಿಟ್ಟುಕೊಳ್ಳಿ.

ಸಹಾಯವಾಣಿ ನ್ಯಾಯಾಲಯವಲ್ಲ. ಕಂಪನಿಗೆ ದೂರು ದಾಟಿಸಿ ಉತ್ತರ ಕೇಳುತ್ತದೆ, ಆದೇಶ ಕೊಡುವ ಅಧಿಕಾರ ಅದಕ್ಕಿಲ್ಲ. ಹಾಗಿದ್ದರೂ ನಿಮ್ಮ ಇಮೇಲಿಗೆ ಅಲುಗದ ಕಂಪನಿ ಇಲ್ಲಿಂದ ಬಂದ ದೂರಿಗೆ ಅಲುಗುವುದುಂಟು. ಕಂಪನಿ ಸುಳ್ಳು ಉತ್ತರ ಕೊಟ್ಟು ದೂರು ಮುಚ್ಚಿಸಿದರೆ ಅದೇ ಡಾಕೆಟ್ ನಂಬರ್ ಹೇಳಿ ಮತ್ತೆ ಕರೆ ಮಾಡಿ.

7. ಯಾವ ಕಚೇರಿಗೆ ಯಾವ ದೂರು

ಇದನ್ನು ಬೆರೆಸಿಕೊಂಡು ಅಲೆಯುವವರು ಬಹಳ. ಹುಳ, ಬೂಸ್ಟು, ಕಲಬೆರಕೆ ಆಹಾರ ಸುರಕ್ಷತೆಯ ವಿಷಯ. ಎಫ್‌ಎಸ್‌ಎಸ್‌ಎಐ, ಅಂದರೆ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ "ಫುಡ್ ಸೇಫ್ಟಿ ಕನೆಕ್ಟ್" ಮೂಲಕವೋ, ನಿಮ್ಮ ಜಿಲ್ಲೆಯ ಆಹಾರ ಸುರಕ್ಷತಾ ಅಂಕಿತಾಧಿಕಾರಿಗೋ ದೂರು ಕೊಡಿ. ಪ್ಯಾಕೆಟ್ ಮೇಲಿನ 14 ಅಂಕಿಯ ಪರವಾನಗಿ ಸಂಖ್ಯೆ ಬೇಕಾಗುತ್ತದೆ. ತೂಕ ಕಡಿಮೆ, ಎಂಆರ್‌ಪಿಗಿಂತ ಹೆಚ್ಚು ಬೆಲೆ ಎಂದಾದರೆ ಕಾನೂನು ಮಾಪನಶಾಸ್ತ್ರ ಇಲಾಖೆ.

ಈ ಎರಡೂ ಕಚೇರಿಗಳು ತಪ್ಪಿತಸ್ಥರಿಗೆ ದಂಡ ಹಾಕಿಸುತ್ತವೆ, ಆ ದಂಡ ನಿಮ್ಮ ಕೈಗೆ ಬರುವುದಿಲ್ಲ. ಆಹಾರದಲ್ಲಿ ಹೊರವಸ್ತು ಇದ್ದರೆ 1 ಲಕ್ಷ ರೂಪಾಯಿವರೆಗೆ ದಂಡವಿದೆ, ಆದರೆ ನಿಮ್ಮ 150 ರೂಪಾಯಿಗೆ ಬೇರೆ ದಾರಿಯೇ ಹಿಡಿಯಬೇಕು. ಹಾಗೆಂದು ಇಲ್ಲಿ ದೂರು ಕೊಡದೆ ಬಿಡಬೇಡಿ. ಅದೇ ಬ್ಯಾಚಿನ ಪ್ಯಾಕೆಟ್ ಇನ್ನೊಂದು ಮನೆಯ ಮಗುವಿನ ಬಟ್ಟಲಿಗೆ ಹೋಗುತ್ತಿರುತ್ತದೆ.

ಪುಡಿಯನ್ನು ಪ್ರಯೋಗಾಲಯಕ್ಕೆ ಕೊಡಲೇ ಎಂದು ಅನೇಕರು ಕೇಳುತ್ತಾರೆ. ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸುವ ಹಕ್ಕು ಗ್ರಾಹಕರಿಗೆ ಇದೆ. ಆದರೆ ಪರೀಕ್ಷೆಗೆ ಕೊಡುತ್ತೇನೆಂದು ಖರೀದಿಸುವಾಗಲೇ ಮಾರಾಟಗಾರರಿಗೆ ತಿಳಿಸಿರಬೇಕೆಂಬ ಷರತ್ತೂ ಕಾನೂನಿನಲ್ಲಿದೆ. ಈಗಾಗಲೇ ಮನೆಗೆ ತಂದು ತೆರೆದ ಪ್ಯಾಕೆಟ್ಟಿಗೆ ದುಡ್ಡು ಸುರಿಯುವ ಮೊದಲು ಇದನ್ನು ಯೋಚಿಸಿ. ಕಣ್ಣಿಗೆ ಕಾಣುವ ಹುಳಕ್ಕೆ ಪ್ರಯೋಗಾಲಯ ಬೇಕಿಲ್ಲ.

8. ಕೊನೆಯ ದಾರಿ: ಜಿಲ್ಲಾ ಗ್ರಾಹಕ ಆಯೋಗ

ಯಾರಿಗಾದರೂ ಆರೋಗ್ಯ ಕೆಟ್ಟು ಆಸ್ಪತ್ರೆ ಖರ್ಚಾಗಿದ್ದರೆ, ಅಥವಾ ಕಂಪನಿ ಬೇಕೆಂದೇ ಸತಾಯಿಸಿದರೆ ಇಲ್ಲಿಗೆ ಬನ್ನಿ. ಬರೀ ಪ್ಯಾಕೆಟ್ಟಿನ ಬೆಲೆಗಾದರೆ ಸಮಯದ ಲೆಕ್ಕವನ್ನೂ ಹಾಕಿಕೊಳ್ಳಿ. ಕಾಯ್ದೆ ಹೇಳುವ ಅವಧಿ 3 ತಿಂಗಳು, ಪ್ರಯೋಗಾಲಯ ಪರೀಕ್ಷೆ ಬೇಕಾದರೆ 5 ತಿಂಗಳು. ವಾಸ್ತವದಲ್ಲಿ ಅದಕ್ಕಿಂತ ಹೆಚ್ಚು ಹಿಡಿಯಬಹುದು.

ಖರೀದಿಯ ಮೊತ್ತ 5 ಲಕ್ಷದವರೆಗೆ ಇದ್ದರೆ ದೂರಿಗೆ ಶುಲ್ಕ ಇಲ್ಲ. ವಕೀಲರು ಕಡ್ಡಾಯವಲ್ಲ. ಕಂಪನಿ ಯಾವ ರಾಜ್ಯದಲ್ಲಿದ್ದರೂ ನೀವು ವಾಸಿಸುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ದೂರು ಕೊಡಬಹುದು. ದೋಷ ಗೊತ್ತಾದ ದಿನದಿಂದ 2 ವರ್ಷದೊಳಗೆ ಸಲ್ಲಿಸಬೇಕು. ಇ-ಜಾಗೃತಿ ಜಾಲತಾಣದಲ್ಲಿ ಮನೆಯಿಂದಲೇ ಸಲ್ಲಿಸುವ ವ್ಯವಸ್ಥೆ ಇದೆ. ದೂರಿನ ಪ್ರತಿ, ಪ್ರಮಾಣಪತ್ರ (ಅಫಿಡವಿಟ್), ಬಿಲ್ಲು, ಫೋಟೊಗಳು, ಕಂಪನಿಗೆ ಬರೆದ ಇಮೇಲ್, 1915ರ ಡಾಕೆಟ್ ನಂಬರ್, ಆಸ್ಪತ್ರೆಗೆ ಹೋಗಿದ್ದರೆ ವೈದ್ಯರ ಚೀಟಿ ಮತ್ತು ಔಷಧಿ ಬಿಲ್ಲು ಸೇರಿಸಿ. ಎದುರುದಾರರಾಗಿ ಅಂಗಡಿ ಮತ್ತು ತಯಾರಕರು ಇಬ್ಬರನ್ನೂ ಹೆಸರಿಸಿ. ಒಬ್ಬರನ್ನೇ ಹೆಸರಿಸಿದರೆ ತಪ್ಪು ಇನ್ನೊಬ್ಬರದು ಎಂದು ಅವರು ಜಾರಿಕೊಳ್ಳಲು ನೀವೇ ದಾರಿ ಮಾಡಿಕೊಟ್ಟಂತೆ. ಫ್ರೀಜರಿನಲ್ಲಿಟ್ಟ ಪುಡಿಯನ್ನು ಪ್ರಕರಣ ಮುಗಿಯುವವರೆಗೆ ತೆಗೆಯಬೇಡಿ; ಪರೀಕ್ಷೆ ಬೇಕೆನಿಸಿದರೆ ಆಯೋಗವೇ ಮಾದರಿಗೆ ಮೊಹರು ಹಾಕಿ ಪ್ರಯೋಗಾಲಯಕ್ಕೆ ಕಳಿಸುತ್ತದೆ.